ಹಚ್ಚದೆ ಉಳಿದ ಜಪಾನಿ ಊದುಬತ್ತಿ

ಸೆರಿಟೋಸ್ ಎಂಬ ಅಮೆರಿಕನ್ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಉಡುಪಿಯ ಅಂಕಲ್‌ಗೆ ಜಪಾನಿ ಊದುಬತ್ತಿಯ ಹುಚ್ಚು. ಬಿದಿರಿನ ಕಡ್ಡಿಯೇ ಇಲ್ಲದ ಆ ತೆಳ್ಳನೆಯ ಬತ್ತಿಗಳಲ್ಲಿ ಅಗರು, ಶ್ರೀಗಂಧ, ಲವಂಗದ ಪರಿಮಳವಷ್ಟೇ ಇರುತ್ತಿತ್ತು. ಯಾರು ಬಂದರೂ ಒಂದನ್ನು ಅವರ ಮೂಗಿನ ಬಳಿ ಹಿಡಿದು, "ಹಚ್ಚುವ ಮೊದಲು ಒಮ್ಮೆ ಮೂಸಿ ಮಾರಾಯ್ರೆ, ಅವಸರ ಎಂತಕ್ಕೆ?" ಎನ್ನುತ್ತಿದ್ದರು.

ಒಮ್ಮೆ ದೊಡ್ಡ ಭೂಕಂಪವಾದ ಬೆಳಿಗ್ಗೆ ಕರೆಂಟ್ ಹೋಗಿತ್ತು. ನಾನು ಮಗಳನ್ನು ಎತ್ತಿಕೊಂಡು ಅವರ ಮನೆಗೆ ಓಡಿದೆ. ನೆಲ ಮತ್ತೆ ಮತ್ತೆ ನಡುಗುತ್ತಿತ್ತು. ಮಗಳ ಅಳು ನಿಲ್ಲಲೇ ಇಲ್ಲ.

"ದೇವರಿಗೆ ಒಂದು ಊದುಬತ್ತಿಯಾದ್ರೂ ಹಚ್ಚಿ" ಎಂದರು ಆಂಟಿ.

ಅಂಕಲ್ ಒಂದು ಕೈಯಲ್ಲಿ ಬೆಂಕಿಪೊಟ್ಟಣ ಹಿಡಿದು, ಎಂದಿನಂತೆ ಬತ್ತಿಯನ್ನು ಮೂಗಿನ ಬಳಿ ತಂದರು. ಇನ್ನೊಮ್ಮೆ ಉಸಿರೆಳೆದುಕೊಂಡರು. ಮುಖ ಬಿಳಿಚಿಕೊಂಡಿತು.

"ಗ್ಯಾಸ್ ಲೀಕ್ ಆಗ್ತಾ ಉಂಟು" ಎಂದರು ಮೆಲ್ಲಗೆ. "ಯಾರೂ ಏನೂ ಮುಟ್ಟಬೇಡಿ. ಎಲ್ಲ ಹೊರಗೆ ಹೋಗಿ."

ವಾಟರ್ ಹೀಟರ್‌ನ ಗ್ಯಾಸ್ ಪೈಪು ಬಿರುಕು ಬಿಟ್ಟಿದೆ ಎಂದು ಆಮೇಲೆ ಬಂದ ಗ್ಯಾಸ್ ಕಂಪನಿಯವನು ಹೇಳಿ, ಗ್ಯಾಸ್ ಬಂದ್ ಮಾಡಿದ. ಲಾನಿನ ಮೇಲೆ ಕುಳಿತ ನಾನು ಮಗಳನ್ನು ತಬ್ಬಿಕೊಂಡೆ. ಅಂಕಲ್ ಮಾತ್ರ ನಿಂತೇ ಇದ್ದರು. ಬೆಂಕಿಪೊಟ್ಟಣ ಹಿಡಿದಿದ್ದ ಮುಷ್ಟಿಯನ್ನು ಬಿಚ್ಚಲು ಅವರಿಗೆ ಆಗುತ್ತಿರಲಿಲ್ಲ. ಆಂಟಿ ಹತ್ತಿರ ಹೋಗಿ, ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.