ಮುತ್ತಿಗೆಯೊಳಗಿನ ಖಾಲಾ

ಕಳೆದ ವಾರ ಕತಾರಿನ ಅಲ್ ವಕ್ರಾದಲ್ಲಿ ನಮ್ಮ ಮನೆ ಹತ್ತಿರದ ಅಂಗಡಿಗೆ ಹೋಗಿದ್ದೆ. ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬರು ಚೀಲದೊಳಗೆ ಕೈಹಾಕಿ ಒಣಗಿದ ಕೆಂಪು ಪುಂಡಿ ಹೂವನ್ನು ಬೊಗಸೆ ತುಂಬ ಎತ್ತಿ ಮೂಸಿ ನೋಡಿದರು. ಆ ಹುಳಿ ವಾಸನೆ ನನ್ನ ಮೂಗಿಗೂ ಬಡಿಯಿತು. ನಮ್ಮ ರಾಯಚೂರಿನ ಕಡೆ ಪುಂಡಿಯ ಸೊಪ್ಪು ತಿನ್ನುತ್ತೇವೆ, ಹೂವನ್ನು ಯಾರೂ ಕೇಳುವುದಿಲ್ಲ. ಸುಡಾನಿನವರು ಆ ಹೂವನ್ನು ನೆನೆಸಿ, ಕುದಿಸಿ, ಕಡುಕೆಂಪು ಶರಬತ್ತು ಮಾಡುತ್ತಾರೆ. ಅದನ್ನು ನನಗೆ ಮೊದಲ ಸಲ ಕುಡಿಸಿದವರು ಎದುರು ಫ್ಲ್ಯಾಟಿನ ಖಾಲಾ... ಸಾಮಾನು ತುಂಬಿದ ತಳ್ಳುಗಾಡಿಯನ್ನು ಅಲ್ಲೇ ಬಿಟ್ಟು ಹೊರಗೆ ಬಿಸಿಲಿಗೆ ಬಂದು ನಿಂತುಬಿಟ್ಟೆ.

ಖಾಲಾ ಅಂದರೆ ಅರಬ್ಬಿಯಲ್ಲಿ ಚಿಕ್ಕಮ್ಮ. ರಾಯಚೂರಿನಲ್ಲಿ ನಮ್ಮ ಓಣಿಯ ಮುಸಲ್ಮಾನ ಹೆಂಗಸರನ್ನೂ ನಾವು ಹಾಗೇ ಕರೆಯುತ್ತಿದ್ದೆವು. ಅದರಿಂದ ಆ ಹೆಸರು ನನ್ನ ನಾಲಿಗೆಗೆ ಹೊಸದೇನೂ ಆಗಿರಲಿಲ್ಲ. ಅವರು ದೋಹಾದ ಒಂದು ಆಸ್ಪತ್ರೆಯಲ್ಲಿ, ನವಜಾತ ಶಿಶುಗಳ ವಾರ್ಡಿನಲ್ಲಿ ನರ್ಸ್. ಐವತ್ತು ದಾಟಿತ್ತು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಹರೆಯದಲ್ಲಿ ಬೆಂಗಳೂರಿಗೆ ಹೋಗಿ ನರ್ಸಿಂಗ್ ಓದಿದ್ದರಂತೆ. ಹಾಗಾಗಿ ಇಂಗ್ಲಿಷು, ಅರಬ್ಬಿಯ ನಡುವೆ ಅಷ್ಟಿಷ್ಟು ಕನ್ನಡವನ್ನೂ ಸೇರಿಸಿ ಮಾತಾಡುತ್ತಿದ್ದರು.

ಅವರಷ್ಟು ಪುಕ್ಕಲು ಹೆಂಗಸನ್ನು ನಾನು ನೋಡಿಲ್ಲ. ಲಿಫ್ಟ್ ನಡುವೆ ನಿಂತುಬಿಟ್ಟರೆ ಎಂಬ ಭಯಕ್ಕೆ ನಾಲ್ಕು ಮಹಡಿಯನ್ನು ಮೆಟ್ಟಿಲಲ್ಲೇ ಹತ್ತುತ್ತಿದ್ದರು. ಹಲ್ಲಿ ಕಂಡರೆ ನನ್ನನ್ನು ಕೂಗುತ್ತಿದ್ದರು. ವಿಮಾನವೆಂದರೆ ಕೈಕಾಲು ತಣ್ಣಗಾಗುತ್ತಿದ್ದವು. ಅಂಥವರು ತಾಯಿಗೆ ಹುಷಾರಿಲ್ಲವೆಂದು ರಜೆ ಹಾಕಿ ಊರಿಗೆ ಹೊರಟ ದಿನ ನಾನೇ ಏರ್‌ಪೋರ್ಟಿಗೆ ಬಿಟ್ಟುಬಂದೆ. "ಒಂದು ತಿಂಗಳು, ಖಲಾಸ್, ಬಂದುಬಿಡುತ್ತೇನೆ" ಎಂದು ನನ್ನ ಕೈ ಹಿಡಿದುಕೊಂಡರು. ಅವರ ಅಂಗೈ ಬೆವೆತಿತ್ತು.

ತಾಯಿ ತೀರಿಕೊಂಡರು. ಅದಾಗಿ ಕೆಲವೇ ದಿನಗಳಲ್ಲಿ ಆ ದೇಶದಲ್ಲಿ ಯುದ್ಧ ಶುರುವಾಯಿತು, ವಿಮಾನಗಳು ನಿಂತುಹೋದವು.

ಅವರ ಊರು ಸುಡಾನಿನ ಪಶ್ಚಿಮ ಭಾಗದಲ್ಲಿತ್ತು. ಊರಲ್ಲೊಂದು ಸಣ್ಣ ಆಸ್ಪತ್ರೆ. ಸರ್ಕಾರ ಕಟ್ಟಿಸಿದ್ದಲ್ಲ, ಊರಿನವರೇ ಇಟ್ಟಿಗೆ ಹೊತ್ತು ಕಟ್ಟಿಕೊಂಡದ್ದು. ಖಾಲಾ ಹುಟ್ಟಿದ್ದೂ ಅಲ್ಲೇ. ಗುಂಡಿನ ಸದ್ದು ಊರಿನ ಅಂಚಿಗೆ ಬಂದಾಗ ಡಾಕ್ಟರುಗಳಲ್ಲಿ ಹೆಚ್ಚಿನವರು ಸಂಸಾರ ಕಟ್ಟಿಕೊಂಡು ಹೊರಟರು. ಅದು ತಪ್ಪು ಎಂದು ಹೇಗೆ ಹೇಳಲಿ? ಖಾಲಾರ ತಂಗಿ ಲಾರಿಯೊಂದರಲ್ಲಿ ಇವರಿಗೂ ಜಾಗ ಹಿಡಿದಿದ್ದಳು. ಹೆರಿಗೆ ವಾರ್ಡಿನಲ್ಲಿ ಆ ದಿನ ಉಳಿದಿದ್ದವಳು ಒಬ್ಬಳೇ ನರ್ಸು. "ಎರಡು ದಿನ ನಿಂತು ಹೋಗುತ್ತೇನೆ" ಎಂದರಂತೆ ಖಾಲಾ. ತಂಗಿಯೂ ಇಳಿದುಬಿಟ್ಟಳು. ಆಮೇಲೆ ದಾರಿಗಳು ಒಂದೊಂದಾಗಿ ಮುಚ್ಚಿದವು. ಊರಿಗೆ ಮುತ್ತಿಗೆ ಬಿತ್ತು. ಒಳಕ್ಕೆ ಔಷಧಿ ಬರುತ್ತಿರಲಿಲ್ಲ, ಹೊರಕ್ಕೆ ಮನುಷ್ಯರು ಹೋಗುವಂತಿರಲಿಲ್ಲ.

ನಾನು ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುವ ಕಂಪನಿಯೊಂದರಲ್ಲಿ ಟೆಕ್ನಿಶಿಯನ್. ಖಾಲಾ ನನಗೆ ಮೊದಲು ಧ್ವನಿ ಸಂದೇಶ ಕಳಿಸಿದ್ದು ಆ ಕಾರಣಕ್ಕೇ. ಉಪಗ್ರಹದ ಇಂಟರ್‌ನೆಟ್ ಇದ್ದ ಒಂದೇ ಒಂದು ಅಂಗಡಿಗೆ ಬೆಳಿಗ್ಗೆ ಗೋಡೆಯ ಮರೆಯಲ್ಲೇ ನಡೆದು ಹೋಗಿ ಸಂದೇಶ ಕಳಿಸಬೇಕು, ನನ್ನ ಉತ್ತರವನ್ನು ಫೋನಿಗೆ ಇಳಿಸಿಕೊಂಡು ಮತ್ತೆ ಆಸ್ಪತ್ರೆಗೆ ಓಡಬೇಕು. ಹಿನ್ನೆಲೆಯಲ್ಲಿ ಯಾರೋ ಕೂಗುತ್ತಿದ್ದರು, ದೂರದಲ್ಲಿ ಏನೋ ಕುಸಿದ ಸದ್ದು.

"ಹಬೀಬ್ತಿ, ನನಗೆ ಬಹಳ ಭಯ ಆಗ್ತಿದೆ. ಅದಕ್ಕೇ ನಿಧಾನವಾಗಿ ಹೇಳು, ಒಂದೊಂದೇ ಹೇಳು" ಎಂದು ಶುರುಮಾಡಿದ್ದರು.

ಅವರ ಬಳಿ ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಯಂತ್ರಗಳು ಮೂರಿದ್ದವು. ಮೂರೂ ಕೆಟ್ಟಿದ್ದವು. ಸಿಲಿಂಡರುಗಳು ಖಾಲಿಯಾಗಿ ತಿಂಗಳುಗಳೇ ಆಗಿದ್ದವು. ನಾನು ಫೋಟೋ ತರಿಸಿಕೊಂಡೆ, ಒಂದರ ಕಂಪ್ರೆಸರ್ ಇನ್ನೊಂದಕ್ಕೆ ಹಾಕಿಸಿದೆ, ಧೂಳು ಹೊಗೆಯಿಂದ ಕಟ್ಟಿಕೊಂಡಿದ್ದ ಫಿಲ್ಟರಿನ ಬದಲು ಹಳೆಯ ಹತ್ತಿ ಸೀರೆಯಂಥ ಬಟ್ಟೆಯನ್ನು ಎರಡು ಪದರ ಮಾಡಿ ಕಟ್ಟಿಸಿದೆ. ದೋಹಾದಲ್ಲಿ ಅರ್ಧ ಗಂಟೆಯ ಕೆಲಸ. ಅಲ್ಲಿ ಒಂಬತ್ತು ದಿನ ಹಿಡಿಯಿತು. ಫಿರಂಗಿಯ ಶೆಲ್ ಬೀಳುವ ದಿನ ಅವರು ಅಂಗಡಿಗೆ ಹೋಗುವಂತಿರಲಿಲ್ಲ. ಅಂಥ ದಿನಗಳಲ್ಲಿ ನಾನು ಕೆಲಸದ ಮಧ್ಯೆ ಬಚ್ಚಲಿಗೆ ಹೋಗಿ ಫೋನ್ ನೋಡುತ್ತಿದ್ದೆ, ಬರುತ್ತಿದ್ದೆ, ಮತ್ತೆ ಹೋಗುತ್ತಿದ್ದೆ. ಒಂಬತ್ತನೆಯ ದಿನ ಒಂದು ಯಂತ್ರ ಉಸಿರಾಡತೊಡಗಿತು. ಖಾಲಾ ಅದರ ಸದ್ದನ್ನು ರೆಕಾರ್ಡ್ ಮಾಡಿ ಕಳಿಸಿದ್ದರು... ಮಾತಿಲ್ಲ, ಬರೀ ಯಂತ್ರದ ಸದ್ದು.

ಮುತ್ತಿಗೆ ಬಿದ್ದ ಮೇಲಿನ ಎರಡನೆಯ ಬೇಸಿಗೆ ಬಂತು. ಶೆಲ್ ಭಯಕ್ಕೆ ಶಿಶುಗಳನ್ನು ಕಿಟಕಿಯಿಲ್ಲದ ಉಗ್ರಾಣದ ಕೋಣೆಗೆ ಸಾಗಿಸಿದ್ದರು. ಆ ಸೆಖೆಗೆ ಕಂಪ್ರೆಸರ್ ಕಾದು, ಇಪ್ಪತ್ತು ನಿಮಿಷಕ್ಕೊಮ್ಮೆ ಯಂತ್ರ ತಾನೇ ನಿಂತುಬಿಡುತ್ತಿತ್ತು. ಅತಿಯಾಗಿ ಕಾದರೆ ಸುಟ್ಟುಹೋಗದಿರಲಿ ಎಂದು ಅದರೊಳಗೆ ಒಂದು ಪುಟ್ಟ ಸ್ವಿಚ್ ಇರುತ್ತದೆ. ಖಾಲಾ ಅದನ್ನು ತಾವೇ ಕಂಡುಹಿಡಿದಿದ್ದರು. "ಯಾವ ವೈರಿಗೆ ಯಾವ ವೈರು ಸೇರಿಸಿದರೆ ಇದು ನಿಲ್ಲೋದಿಲ್ಲ? ಒಂದು ಮಗು ಇದೆ. ಬೇಗ ಹೇಳು" ಎಂದು ಕೇಳಿದರು.

ನನಗೆ ಗೊತ್ತಿತ್ತು. ಆದರೂ ಬೆರಳು ಏಳಲಿಲ್ಲ. ನಮ್ಮ ವರ್ಕ್‌ಶಾಪಿನ ಹಿರಿಯ ಟೆಕ್ನಿಶಿಯನ್ ಮಂಗಳೂರಿನ ಕಡೆಯ ಬ್ಯಾರಿಗಳು, ಮೂವತ್ತು ವರ್ಷ ಕೊಲ್ಲಿಯಲ್ಲಿ ಕಳೆದವರು. ನಾವೆಲ್ಲ ಹಾಜಿಯವರು ಎನ್ನುತ್ತಿದ್ದೆವು. ಅವರನ್ನು ಕೇಳಿದೆ.

"ಬೇಡ ತಂಗಿ" ಎಂದರು. "ಆ ಸ್ವಿಚ್ಚನ್ನು ಕಂಪನಿಯವ ಸುಮ್ಮನೆ ಇಟ್ಟದ್ದಲ್ಲ. ಆಕ್ಸಿಜನ್ ಇರುವ ಕೋಣೆ ಅದು, ಕಿಟಕಿ ಸಹ ಇಲ್ಲ. ಬೆಂಕಿ ಹಿಡಿದ್ರೆ ಎಂತ ಮಾಡುದು? ಹೊರಗೆ ಓಡ್ಲಿಕ್ಕೂ ಆಗುದಿಲ್ಲ ಅವರಿಗೆ."

ಅವರು ಹೇಳಿದ್ದು ಸರಿ. ನಾನು ಹೆದರಿದೆ. ಹಿಂಬದಿಯ ಮುಚ್ಚಳ ತೆಗೆಯಿರಿ, ಬೀಸಣಿಗೆಯಿಂದ ಗಾಳಿ ಹಾಕಿ, ಬಾಗಿಲ ಬಳಿಗೆ ಸರಿಸಿ ಎಂದು ಮಾತ್ರ ಹೇಳಿ ಕಳಿಸಿದೆ. ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ. ನನ್ನ ಕೈಯಿಂದ ಏನೂ ಆಗದಿರಲಿ, ನನ್ನ ಮಾತಿನಿಂದ ಯಾರೂ ಸುಡದಿರಲಿ ಎಂಬುದೊಂದೇ ಆಗ ತಲೆಯಲ್ಲಿತ್ತು.

ಮರುದಿನ ಬೆಳಿಗ್ಗೆ ವರ್ಕ್‌ಶಾಪಿನಲ್ಲಿದ್ದಾಗ ಸಂದೇಶ ಬಂತು. ದನಿ ಬಹಳ ಸಣ್ಣದಾಗಿತ್ತು.

"ನಿನ್ನೆಯ ಮಗು ಹೋಯ್ತು. ನಾವು ನಾಲ್ಕು ಜನ ಸರದಿ ಮೇಲೆ ಬೀಸಿದೆವು... ಇವತ್ತು ಇನ್ನೊಂದು ಹುಟ್ಟಿದೆ. ವೈರು ಯಾವುದು ಹೇಳು."

ಬೈಗುಳವಿರಲಿಲ್ಲ, ಆಕ್ಷೇಪಣೆಯೂ ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ. ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಹಾಜಿಯವರು ಬಂದು ಸಂದೇಶ ಕೇಳಿಸಿಕೊಂಡರು. ಎರಡನೇ ಸಲ ಹಾಕಿಸಿ ಕೇಳಿದರು. ಟೋಪಿ ತೆಗೆದು ಮೇಜಿನ ಮೇಲಿಟ್ಟು, "ಕೊಡಿ ಇಲ್ಲಿ. ನಾನು ಹೇಳ್ತೇನೆ" ಎಂದು ಫೋನ್ ತೆಗೆದುಕೊಂಡು, ಅರಬ್ಬಿಯಲ್ಲಿ, ಒಂದೊಂದೇ ಮಾತು ಬಿಡಿಸಿ ಹೇಳಿದರು: ಯಾವ ವೈರು ಕತ್ತರಿಸಬೇಕು, ಎಲ್ಲಿ ಸೇರಿಸಬೇಕು, ಕೈಯಲ್ಲಿ ಮುಟ್ಟಿ ಬಿಸಿ ನೋಡುತ್ತ ಯಾವಾಗ ನಿಲ್ಲಿಸಬೇಕು, ಪಕ್ಕದಲ್ಲಿ ಸದಾ ಒಬ್ಬರು ಮರಳಿನ ಬಕೆಟ್ ಇಟ್ಟುಕೊಂಡು ಕೂರಬೇಕು. ಹೇಳುವಷ್ಟು ಹೊತ್ತೂ ಅವರ ಹಣೆಯಿಂದ ಬೆವರು ಇಳಿಯುತ್ತಿತ್ತು. ಕಳಿಸಿದ ಮೇಲೆ, "ಇನ್ನು ಅಲ್ಲಾಹು ನೋಡಿಕೊಳ್ಳಬೇಕು. ಪಾಪ ಆದ್ರೆ ನನ್ನ ತಲೆಗೂ ಇರ್ಲಿ" ಎಂದರು.

ಎರಡು ದಿನ ಏನೂ ಬರಲಿಲ್ಲ. ಆ ಎರಡು ದಿನ ಎಲ್ಲಿ ನೋಡಿದರೂ ಉಗ್ರಾಣದ ಬಾಗಿಲು, ಅದರಡಿಯಿಂದ ಬರುವ ಹೊಗೆ ಕಾಣುತ್ತಿತ್ತು. ಮಗಳಿಗೆ ತಲೆ ಬಾಚುತ್ತ ಹೆಣೆದ ಜಡೆಯನ್ನೇ ಬಿಚ್ಚಿ ಮತ್ತೆ ಹೆಣೆದೆ. ನಮ್ಮ ಮನೆಯವರಿಗೆ ದುಖಾನ್ ಎಂಬ ದೂರದ ಊರಿನಲ್ಲಿ ಕೆಲಸ, ವಾರಕ್ಕೊಮ್ಮೆ ಬರುತ್ತಿದ್ದರು. ಫೋನಿನಲ್ಲಿ, "ಊಟ ಬಿಟ್ಟು ಕುಂತ್ರ ಅಲ್ಲಿ ಯುದ್ಧ ನಿಲ್ತದೇನು? ಒಂದು ರೊಟ್ಟಿನರ ತಿನ್ನು" ಎಂದು ಬೈದರು. ಮೂರನೆಯ ದಿನ ಖಾಲಾರ ದನಿ ಬಂತು. ಯಂತ್ರ ನಡೆಯುತ್ತಿದೆ, ಮಗುವಿನ ತುಟಿಯ ನೀಲಿ ಹೋಗಿದೆ. ಪಕ್ಕದಲ್ಲಿ ಮರಳಿನ ಬಕೆಟ್ ಇಟ್ಟುಕೊಂಡು ತಾವೇ ಕೂತಿದ್ದಾರೆ, ಹಲ್ಲಿಯೊಂದು ಗೋಡೆಯ ಮೇಲಿದೆ, ಈಗ ಅದರ ಭಯವಿಲ್ಲ... ಎಂದು ನಕ್ಕರು.

ಅದೇ ಬೇಸಿಗೆಯ ಒಂದು ಸಂಜೆ ದೋಹಾದ ಆಕಾಶಕ್ಕೂ ಬೇರೊಂದು ಯುದ್ಧದ ಕ್ಷಿಪಣಿಗಳು ಬಂದವು. ನಮ್ಮ ಕಿಟಕಿಯ ಗಾಜು ಗದಗದ ನಡುಗಿತು. ಮಗಳು ಓಡಿ ಬಂದು, "ಅಮ್ಮಾ, ಈಸ್ ಇಟ್ ಅವರ್ ಹೌಸ್?" ಎಂದು ಸೊಂಟ ತಬ್ಬಿದಳು. ಯಜಮಾನರು ದುಖಾನಿನಿಂದ ಹೊರಟು ಹೆದ್ದಾರಿಯಲ್ಲಿದ್ದರು, ಫೋನ್ ಹೋಗುತ್ತಿರಲಿಲ್ಲ. ಅಡಿಗೆಮನೆಯಲ್ಲಿ ನಿಂತೆ, ಮಗಳ ಚಪ್ಪಲಿ ಹುಡುಕಿದೆ, ಯಾಕೆ ಹುಡುಕುತ್ತಿದ್ದೇನೆ ಎಂದು ಮರೆತೆ. ಮುಕ್ಕಾಲು ಗಂಟೆಯ ಮೇಲೆ ಬಾಗಿಲು ಬಡಿದು, "ನಾ ಬಂದೀನಿ, ಕದ ತಗಿ. ಏನೂ ಆಗಿಲ್ಲ" ಎಂಬ ದನಿ ಕೇಳಿದಾಗ ಮಗಳೇ ಓಡಿ ಹೋಗಿ ಚಿಲಕ ತೆಗೆದಳು. ನಮ್ಮ ಮನೆಯ ಒಂದು ಗೋಡೆಯೂ ಬಿರುಕು ಬಿಡಲಿಲ್ಲ, ಮರುದಿನ ಅಂಗಡಿ, ಮೆಟ್ರೋ ಎಲ್ಲ ಎಂದಿನಂತೆ ಇದ್ದವು.

ಬೆಳಿಗ್ಗೆ ಖಾಲಾರ ಸಂದೇಶ ಬಂದಿತ್ತು. ಅಂಗಡಿಯಲ್ಲಿ ಯಾರೋ ಕತಾರಿನ ಸುದ್ದಿ ಹೇಳಿದರಂತೆ.

"ಮಗಳು ಹೆದರಿದಳಾ? ಕಿಟಕಿ ಹತ್ತಿರ ಮಲಗಬೇಡಿ. ಬಚ್ಚಲುಮನೆ ಒಳ್ಳೆಯದು, ಅಲ್ಲಿಗೆ ಶೆಲ್ ಎರಡು ಗೋಡೆ ದಾಟಿ ಬರಬೇಕಾಗ್ತದೆ. ನೀರು ತುಂಬಿಸಿಡು. ನಾನು ನಿಮಗೋಸ್ಕರ ದುವಾ ಮಾಡಿದೆ."

ಮುಕ್ಕಾಲು ಗಂಟೆಯ ಭಯಕ್ಕೆ ನಾನು ಚಪ್ಪಲಿ ಹುಡುಕುತ್ತ ನಿಂತಿದ್ದೆ. ಒಂದು ವರ್ಷಕ್ಕೂ ಮೀರಿ ಅದರೊಳಗೇ ಇದ್ದವರು ನನ್ನ ಬಚ್ಚಲುಮನೆಯ ಗೋಡೆ ಲೆಕ್ಕ ಹಾಕುತ್ತಿದ್ದರು.

ಆಮೇಲಿನ ಸಂದೇಶಗಳು ಚಿಕ್ಕವಾಗುತ್ತ ಹೋದವು. ಅರಿವಳಿಕೆ ಮುಗಿದಿತ್ತು. ಗಾಯಕ್ಕೆ ಸೊಳ್ಳೆಪರದೆ ಹರಿದು ಕಟ್ಟುತ್ತಿದ್ದರು. ಒಮ್ಮೆ ತಾವು ತಿನ್ನುತ್ತಿದ್ದುದರ ಫೋಟೋ ಕಳಿಸಿದರು. ಅರಬ್ಬಿಯ ಹೆಸರು ತಿಳಿಯಲಿಲ್ಲ, ಆದರೆ ನೋಡಿದ ಕೂಡಲೇ ಗುರುತು ಹತ್ತಿತು. ಶೇಂಗಾ ಹಿಂಡಿ. ನಮ್ಮಜ್ಜ ಎತ್ತುಗಳಿಗೆ ನೆನೆಸಿ ಇಡುತ್ತಿದ್ದುದು. ಬಾಣಂತಿಯರಿಗೂ ಅದನ್ನೇ ಕುದಿಸಿ ಕೊಡುತ್ತಿದ್ದರು. ಆಸ್ಪತ್ರೆಯ ಮೇಲೆ ಎರಡು ಸಲ ಶೆಲ್ ಬಿತ್ತು. ಎರಡನೆಯ ಸಲ ಉಗ್ರಾಣದ ಚಾವಣಿ ಕುಸಿದಾಗ ಯಂತ್ರವನ್ನು ಅಲ್ಲೇ ಬಿಟ್ಟು, ಉಳಿದವರನ್ನು ಹೊತ್ತುಕೊಂಡು ಒಂದು ಶಾಲೆಗೆ ಹೋದರು. "ಗೋಡೆ ಎಲ್ಲಿದ್ದರೆ ಅಲ್ಲಿ ಆಸ್ಪತ್ರೆ" ಎಂದಿದ್ದರು ಖಾಲಾ. ನಾನು ಕೇಳಿದ ಅವರ ಕೊನೆಯ ಮಾತು ಅದು.

ಮುಂದೆ ಆ ಊರು ಮುತ್ತಿಗೆ ಹಾಕಿದವರ ಕೈಗೆ ಬಿತ್ತು ಎಂದು ಟಿವಿಯಲ್ಲಿ ಬಂತು.

ಅವರ ತಂಗಿಯ ಕರೆ ಬಂದಾಗ ನಾನು ಮುಶೈರಿಬ್ ಸ್ಟೇಷನ್ನಿನಲ್ಲಿ ರೈಲು ಬದಲಿಸುತ್ತಿದ್ದೆ. ಗಡಿಯಾಚೆಯ ಶಿಬಿರವೊಂದರಿಂದ ಯಾರದೋ ಫೋನಿನಲ್ಲಿ ಮಾತಾಡಿದಳು. ಊರು ಬೀಳುವುದಕ್ಕೆ ಕೆಲವು ದಿನ ಮೊದಲು, ಬೆಳಗಿನ ಹೊತ್ತು, ಎದ್ದು ನಡೆಯಲಾಗದ ರೋಗಿಗಳಿಗೆ ನೀರು ತರಲು ಖಾಲಾ ಶಾಲೆಯ ಅಂಗಳಕ್ಕೆ ಹೋಗಿದ್ದರು. ತಾನು ಹೋಗುತ್ತೇನೆಂದು ತಂಗಿ ಹೇಳಿದಾಗ, "ನಿನಗಿಂತ ನನಗೆ ಭಯ ಜಾಸ್ತಿ, ನಾನು ಬೇಗ ಓಡಿ ಬರುತ್ತೇನೆ" ಎಂದರಂತೆ. ಶೆಲ್ ನೀರಿನ ತೊಟ್ಟಿಯ ಪಕ್ಕದಲ್ಲೇ ಬಿತ್ತು. ಅಂಗಳದಲ್ಲೇ ಮಣ್ಣು ಮಾಡಿದರು, ಗುರುತಿಗೆ ಏನೂ ಇಡಲಾಗಲಿಲ್ಲ. ಊರು ಬಿದ್ದ ದಿನ ನಡೆಯಬಲ್ಲವರು ನಡೆದರು. ನಡೆಯಲಾಗದವರ ಬಗ್ಗೆ ಅವಳು ಏನೂ ಹೇಳಲಿಲ್ಲ.

ಯಂತ್ರದ ವಿಷಯ ಮಾತ್ರ ತಾನಾಗಿ ಹೇಳಿದಳು. ವೈರು ಸೇರಿಸಿದ ಮೇಲೆ ಅದು ನಾಲ್ಕು ಶಿಶುಗಳಿಗೆ ಉಸಿರು ಕೊಟ್ಟಿತು, ಇಬ್ಬರು ಉಳಿದರು. ಅವರಲ್ಲೊಂದು ಹೆಣ್ಣುಮಗು ತಾಯಿಯ ಬೆನ್ನಿನ ಮೇಲೆ ಅದೇ ಶಿಬಿರಕ್ಕೆ ಬಂದಿದೆಯಂತೆ. ಬೆಂಕಿ ಒಮ್ಮೆಯೂ ಹತ್ತಲಿಲ್ಲವಂತೆ. ಮರುದಿನ ವರ್ಕ್‌ಶಾಪಿನಲ್ಲಿ ಇದನ್ನು ಹೇಳಿದಾಗ ಹಾಜಿಯವರು ಸ್ಟೋರ್ ರೂಮಿನೊಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ನಾನು ಹೇಳದೆ ಉಳಿದ ಆ ಒಂದು ದಿನ, ಆ ದಿನದ ಮಗು... ಅದರ ಲೆಕ್ಕ ನನ್ನೊಬ್ಬಳದು. ಅದನ್ನು ಯಾರೂ ನನ್ನಿಂದ ಕೇಳಿಲ್ಲ.

ಎದುರು ಫ್ಲ್ಯಾಟಿಗೆ ಈಗ ಬೇರೆ ಸಂಸಾರ ಬಂದಿದೆ. ಒಳ್ಳೆಯ ಜನ, ಹಬ್ಬಕ್ಕೆ ಸಿಹಿ ಕಳಿಸುತ್ತಾರೆ. ಬೆಳಿಗ್ಗೆ ಫೋನಿಗೆ ಸಂದೇಶಗಳು ಬರುತ್ತವೆ, ಶಾಲೆಯದು, ಕಂಪನಿಯದು, ಊರಿನದು. ಒಂದೂ ನನ್ನ ಎದೆಯನ್ನು ಹಿಂಡುವುದಿಲ್ಲ. ಅಷ್ಟು ತಿಂಗಳು ಆ ಹೆದರಿಕೆ ತಪ್ಪಲಿ ಎಂದು ದೇವರಲ್ಲಿ ಬೇಡಿಕೊಂಡಿದ್ದೆ. ಈಗ ತಪ್ಪಿದೆ. ಯಾರಿಗಾಗಿ ಹೆದರುತ್ತಿದ್ದೆನೋ ಅವರೇ ಅಲ್ಲಿ ಉಳಿದಿಲ್ಲ.