ಉಪದೇಶಿಯಮ್ಮನ ಹಿಡಿ ಅಕ್ಕಿ

ಉಪದೇಶಿಯಮ್ಮನ ಬಲಗೈಯ ಕೊನೆಯ ಎರಡು ಬೆರಳು ಮಡಚುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಒರಳಿಗೆ ಸಿಕ್ಕಿ ಜಜ್ಜಿ, ಹಾಗೇ ಸೆಟೆದು ನಿಂತಿದ್ದವಂತೆ. ಅವರು ಅಕ್ಕಿ ಹಿಡಿದರೆ ಆ ಸಂದಿಯಿಂದ ಕಾಳು ಸುರಿಯುತ್ತಿತ್ತು. ಸಭೆಯ ಹೆಂಗಸರಿಗೆಲ್ಲ ಹಿಡಿ ಅಕ್ಕಿ ಎತ್ತಿಡುವುದನ್ನು ಕಲಿಸಿದವರಿಗೆ ಒಂದು ಹಿಡಿ ಸರಿಯಾಗಿ ಹಿಡಿಯಲು ಬರುತ್ತಿರಲಿಲ್ಲ. ಯಾರಾದರೂ ನಕ್ಕರೆ ಅವರೂ ನಗುತ್ತಿದ್ದರು. "ನನ್ ಕೈ ಇರೋದೇ ಸೋರಾಕೆ ನೋಡವ್ವ" ಎನ್ನುತ್ತಿದ್ದರು.

ಅವರ ಗಂಡ ಹರಿಹರದ ನಮ್ಮ ಕ್ರೈಸ್ತ ಸಭೆಯ ಉಪದೇಶಿ. ಸೈಕಲ್ ತುಳಿದುಕೊಂಡು ಗುತ್ತೂರು, ಮಲೆಬೆನ್ನೂರು ಕಡೆಯ ಹಳ್ಳಿಗಳಿಗೆ ಹೋಗಿ ಪ್ರಾರ್ಥನೆ, ಹಾಡು ಕಲಿಸುತ್ತಿದ್ದವರು. ಅವರು ತೀರಿಕೊಂಡ ಮೇಲೂ ಹೆಂಡತಿಗೆ ಉಪದೇಶಿಯಮ್ಮ ಎಂಬ ಹೆಸರೇ ಉಳಿಯಿತು. ಗುಡಿಯ ಹಿಂದಿನ ಎರಡು ಕೋಣೆಯ ಹೆಂಚಿನ ಮನೆಯಲ್ಲಿ ಒಬ್ಬರೇ ಇದ್ದರು. ಕ್ರೈಸ್ತರು ಚರ್ಚಿಗೆ ಗುಡಿ ಎನ್ನುತ್ತೇವೆಂದು ಹೊರಗಿನವರಿಗೆ ಆಶ್ಚರ್ಯ; ನಮಗೆ ಅದು ಗುಡಿಯೇ.

ಹಿಡಿ ಅಕ್ಕಿಯ ಪದ್ಧತಿ ಹೀಗಿತ್ತು. ಪ್ರತಿ ಮನೆಯಲ್ಲೂ ಅಡುಗೆಗೆ ಅಕ್ಕಿ ಅಳೆಯುವಾಗ ಅದರಿಂದ ಒಂದು ಹಿಡಿ ತೆಗೆದು ಬಟ್ಟೆಯ ಚೀಲಕ್ಕೆ ಹಾಕಬೇಕು. ಭಾನುವಾರ ಆ ಚೀಲ ಗುಡಿಗೆ ಬರಬೇಕು. ಉಪದೇಶಿಯಮ್ಮ ಒಂದೊಂದು ಚೀಲದಿಂದ ಒಂದು ಕಾಳು ತೆಗೆದು ಹಲ್ಲಿಗೆ ಕಚ್ಚಿ, ಹಳೆಯದು, ಹೊಸದು ಎಂದು ಬೇರೆ ಬೇರೆ ಡಬ್ಬಿಗೆ ಸುರಿಯುತ್ತಿದ್ದರು. ಎರಡನ್ನೂ ಕೂಡಿಸಿ ಒಲೆಗಿಟ್ಟರೆ ಹೊಸ ಅಕ್ಕಿ ಮುದ್ದೆಯಾಗುತ್ತದೆ, ಹಳೆಯದು ಕಾಳಾಗಿಯೇ ಕೂರುತ್ತದೆ. ವರ್ಷಕ್ಕೊಮ್ಮೆ ಅನ್ಯೋನ್ಯತೆಯ ದಿನ ಅದೇ ಅಕ್ಕಿಯಲ್ಲಿ ಸಭೆಗೆಲ್ಲ ಊಟ. ಉಳಿದದ್ದು ವರ್ಷವಿಡೀ ಕಷ್ಟದಲ್ಲಿರುವ ಮನೆಗಳಿಗೆ ಹೋಗುತ್ತಿತ್ತು. ಯಾವ ಮನೆಗಳು ಎಂಬುದು ಉಪದೇಶಿಯಮ್ಮನಿಗೆ ಬಿಟ್ಟು ಯಾರಿಗೂ ತಿಳಿದಿರಲಿಲ್ಲ.

ನನಗೆ ಒಂದು ಮನೆ ಮಾತ್ರ ಗೊತ್ತಿತ್ತು. ಅದು ನಮ್ಮದು.

ಅಪ್ಪ ದಾವಣಗೆರೆಯ ಒಂದು ಬಟ್ಟೆ ಗಿರಣಿಯಲ್ಲಿದ್ದರು. ನಾನು ಪಿಯುಸಿ ಎರಡನೇ ವರ್ಷದಲ್ಲಿದ್ದಾಗ ಗಿರಣಿ ಮುಚ್ಚಿತು. ಮುಚ್ಚಿದ ಮೇಲೂ ಅಪ್ಪ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೋಗುತ್ತಿದ್ದರು. ಹೋಗಿ ಏನು ಮಾಡುತ್ತಿದ್ದರೋ, ದೇವರೇ ಬಲ್ಲ. ಒಂದು ಬುಧವಾರ ಮಧ್ಯಾಹ್ನ ಉಪದೇಶಿಯಮ್ಮ ಬಂದರು. ಚೀಲದ ಮೇಲ್ಗಡೆ ಹಾಡಿನ ಪುಸ್ತಕ ಕಾಣುತ್ತಿತ್ತು. ಕೂತು ಒಂದು ಚರಣ ಹಾಡಿದರು. ಅವರ ರಾಗವೋ, ಕೇಳಿದರೆ ಬೀದಿನಾಯಿ ಎದ್ದು ಹೋಗಬೇಕು. ಪ್ರಾರ್ಥನೆ ಮುಗಿಸಿ, "ನೀರ್ ಕುಡ್ಕಂಡ್ ಬರ್ತೀನಿ, ನೀವ್ ಕೂಡ್ರಿ" ಎಂದು ತಾವೇ ಅಡುಗೆಮನೆಗೆ ಹೋದರು. ಅಕ್ಕಿ ಸುರಿಯುವ ಸದ್ದು ಹೊರಗೆ ಕೇಳಿಸಿತು. ಅಪ್ಪ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತಿದ್ದರು.

ಅವರು ಹೋದ ಮೇಲೆ ಅಮ್ಮ ಆ ಅಕ್ಕಿಯಲ್ಲೇ ಒಂದು ಹಿಡಿ ತೆಗೆದು ಗುಡಿಯ ಚೀಲಕ್ಕೆ ಹಾಕಿದಳು. ನನಗೆ ಸಿಟ್ಟು ಬಂತು. ಇಸಿದುಕೊಂಡದ್ದರಲ್ಲಿ ಮತ್ತೆ ದಾನವೇ? ಮುಂದಿನ ಸಲ ಬಂದಾಗ ಉಪದೇಶಿಯಮ್ಮನನ್ನೇ ಕೇಳಿದೆ.

"ತಗಂಡೋರೂ ಒಂದ್ ಹಿಡಿ ಇಡ್ಬೇಕವ್ವ" ಎಂದರು. "ಇಲ್ಲಾಂದ್ರೆ ಭಾನುವಾರ ಚೀಲ ಇಲ್ದೆ ಬಂದೋರು ಯಾರು ಅಂತ ಎಲ್ರಿಗೂ ಗೊತ್ತಾಗ್ತೈತೆ."

ಹೀಗೆ ಮೂರು ವರ್ಷ ನಡೆಯಿತು. ನಾನು ದಾವಣಗೆರೆಯ ಕಾಲೇಜಿನಲ್ಲಿ ಬಿ.ಎ. ಓದಿದೆ, ಆ ಅಕ್ಕಿ ತಿಂದುಕೊಂಡೇ.

ಕೊನೆಯ ವರ್ಷದಲ್ಲಿದ್ದಾಗ ಜರ್ಮನಿಯ ಒಂದು ಸಣ್ಣ ಊರಿನ ಸಭೆಯಿಂದ ಆರು ಮಂದಿ ನಮ್ಮಲ್ಲಿಗೆ ಬಂದು ಎರಡು ವಾರ ತಂಗಿದರು. ಅವರಿಗಾಗಿ ಅನ್ಯೋನ್ಯತೆಯ ದಿನವನ್ನು ಆ ದಿನಗಳಲ್ಲೇ ಇಟ್ಟರು. ಸಭೆಯ ಕಾರ್ಯದರ್ಶಿಗಳು ನನ್ನನ್ನು ಹೆಂಗಸರ ಕಡೆಗೆ ದುಭಾಷಿಯಾಗಿ ನಿಲ್ಲಿಸಿದರು. ನನ್ನ ಇಂಗ್ಲಿಷ್ ಹರಕು ಮುರುಕು. ಆದರೆ ಜಂಬಕ್ಕೆ ಕೊರತೆಯಿರಲಿಲ್ಲ. ಗೆಳತಿಯ ಸೀರೆ ಬೇಡಿ ತಂದು, ಎರಡು ಮೊಳ ಮಲ್ಲಿಗೆ ಮುಡಿದು ನಿಂತೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆ ನನ್ನನ್ನೇ ನೋಡಿ ಕಟ್ಟಿದ ಹಾಗಿತ್ತು.

ಬಂದವರಲ್ಲಿ ಒಬ್ಬಾಕೆ ನಿವೃತ್ತ ನರ್ಸ್, ಬೆಳ್ಳಿ ಕೂದಲು, ಉದ್ದನೆಯ ಹೆಂಗಸು. ಬೆಳಿಗ್ಗೆಯೇ ಉಪದೇಶಿಯಮ್ಮನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು ಅಕ್ಕಿ ಆರಿಸಿದರು. ನೋಡಿ ಕಲಿತು ತಾವೂ ಒಂದು ಕಾಳು ಕಚ್ಚಿ, ಹಳೆಯದೋ ಹೊಸದೋ ಎಂದು ಕೈಸನ್ನೆಯಲ್ಲೇ ಕೇಳಿದರು. ಉಪದೇಶಿಯಮ್ಮ ತಲೆ ಅಲ್ಲಾಡಿಸಿ, "ಹೇಳವ್ವ ಇವ್ರಿಗೆ, ಅದು ಅಕ್ಕಿ ಅಲ್ಲ, ಕಲ್ಲು. ಹಲ್ಲು ಜ್ವಾಕೆ" ಎಂದರು. ನಾನು ಹೇಳಿದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಧ್ಯಾಹ್ನ ಚಪ್ಪರದ ಕೆಳಗೆ ಎಲ್ಲರೂ ಸಾಲಾಗಿ ಕೂತು ಉಂಡೆವು. ಅನ್ನ ಉದುರುದುರಾಗಿತ್ತು, ಕೋಳಿಸಾರಿಗೆ ಅತಿಥಿಗಳ ಮೂಗು ಸೋರುತ್ತಿತ್ತು. ಎಲ್ಲ ಚೆನ್ನಾಗಿಯೇ ನಡೆಯುತ್ತಿತ್ತು.

ಊಟ ಮುಗಿಯುತ್ತಾ ಬಂದಾಗ ಆ ನರ್ಸ್ ಎದ್ದು ನಿಂತು ಹಿಡಿ ಅಕ್ಕಿಯನ್ನು ತುಂಬ ಹೊಗಳಿದರು. ಆಮೇಲೆ ಕೇಳಿದರು, ಉಳಿದ ಅಕ್ಕಿ ಯಾರ ಮನೆಗೆ ಹೋಗುತ್ತದೆ? ಪಡೆದವರು ಇಲ್ಲಿದ್ದರೆ ಎರಡು ಮಾತು ಹೇಳಬಹುದೇ? ಊರಿಗೆ ಹೋಗಿ ತಮ್ಮವರಿಗೆ ಹೇಳುತ್ತಾರಂತೆ. ಆಕೆಯ ಮನಸ್ಸಿನಲ್ಲಿ ಕಪಟವಿರಲಿಲ್ಲ. ಆದರೆ ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಬೇಕಾದವಳು ನಾನೇ. ಹೇಳಿದೆ.

ಕಾರ್ಯದರ್ಶಿಗಳಿಗೆ ಉತ್ಸಾಹ ಬಂತು. "ಹೆಸ್ರು ಹೇಳ್ರಿ ಅಮ್ಮಾರೆ. ಎದ್ದು ಸಾಕ್ಷಿ ಹೇಳ್ಲಿ. ದೇವ್ರು ಮಾಡಿದ ಉಪಕಾರ ಹೇಳಾಕೆ ನಾಚ್ಕೆ ಯಾಕ?"

ಅಪ್ಪ ನೀರು ಬಡಿಸುತ್ತಿದ್ದರು. ಜಗ್ಗು ಹಿಡಿದುಕೊಂಡು ನಿಂತಲ್ಲೇ ನಿಂತರು. ಅಮ್ಮ ಸೆರಗಿನ ಅಂಚು ಮಡಚುತ್ತಾ ಕೂತಳು. ಉಪದೇಶಿಯಮ್ಮ ಅವರಿಬ್ಬರ ಕಡೆಗೂ ನೋಡಲಿಲ್ಲ, ನನ್ನ ಕಡೆಗೂ ನೋಡಲಿಲ್ಲ. ಎಂಜಲು ಕೈ ಹಾಗೇ ಇತ್ತು.

"ನಮ್ಮನೇಗೇ ಹೋಗ್ತೈತೆ ಅಂತ ಹೇಳವ್ವ" ಎಂದರು. "ನಾನೇ ತಿಂತೀನಿ ಅನ್ನು."

ನಾನು ಹಾಗೆಯೇ ಇಂಗ್ಲಿಷಿನಲ್ಲಿ ಹೇಳಿದೆ. ಅವತ್ತಿಡೀ ತಡವರಿಸಿದವಳು ಆ ಒಂದು ವಾಕ್ಯವನ್ನು ತಪ್ಪಿಲ್ಲದೆ ಹೇಳಿದೆ. ನರ್ಸ್ ಬಂದು ಅವರ ಕೈ ಹಿಡಿದುಕೊಂಡರು. ಯಾರೋ ಫೋಟೋ ತೆಗೆದರು. ಚಪ್ಪರದಲ್ಲಿ ಪಿಸುಪಿಸು ಶುರುವಾಯಿತು.

ಊರ ಬಾಯಿಗೆ ಮುಚ್ಚಳ ಉಂಟೇ? ಉಪದೇಶಿಯಮ್ಮ ಸಭೆಯ ಅಕ್ಕಿಯಲ್ಲಿ ಬದುಕುತ್ತಾರೆ, ಗಂಡನ ಪಿಂಚಣಿ ಬರುತ್ತಿದ್ದರೂ ಬಡವರ ಅನ್ನಕ್ಕೆ ಕೈ ಹಾಕುತ್ತಾರೆ ಎಂದು ತಿಂಗಳೊಳಗೆ ಮಾತು ಹಬ್ಬಿತು. ಕಮಿಟಿಯವರು ಡಬ್ಬಿಗಳನ್ನು ಗುಡಿಯ ಕೋಣೆಗೆ ಸಾಗಿಸಿ ಬೀಗ ಹಾಕಿದರು. ಬೇಕಾದವರು ಭಾನುವಾರ ಆರಾಧನೆ ಮುಗಿದ ಮೇಲೆ ಬಂದು ಇಸಿದುಕೊಳ್ಳಬಹುದು ಎಂದು ಪ್ರಕಟಣೆಯಾಯಿತು. ಎಲ್ಲರೆದುರು ಹೋಗಿ ಯಾರು ನಿಲ್ಲುತ್ತಾರೆ? ಒಬ್ಬರೂ ಹೋಗಲಿಲ್ಲ. ಅಕ್ಕಿಗೆ ಹುಳ ಬಿತ್ತು.

ನಮ್ಮ ಮನೆಗೆ ಮಾತ್ರ ಬುಧವಾರ ಉಪದೇಶಿಯಮ್ಮ ಬಂದರು. ಅದೇ ಚೀಲ, ಅದೇ ಹಾಡಿನ ಪುಸ್ತಕ, ಅದೇ ಕೆಟ್ಟ ರಾಗ. ಡಬ್ಬಿಗೆ ಬೀಗ ಬಿದ್ದಿದೆ, ಹಾಗಾದರೆ ಅಕ್ಕಿ ಎಲ್ಲಿಯದು ಎಂದು ನಾನು ಅಡುಗೆಮನೆಗೆ ಹಿಂದೆಯೇ ಹೋಗಿ ಕೇಳಿದೆ. ಅವರು ಚೀಲ ಕೊಡವಿ ಸುರಿದರು. ನೋಡಿದರೆ ರೇಷನ್ ಅಕ್ಕಿ, ಅವರದೇ ಕಾರ್ಡಿನದು. ನನಗೆ ಅಳು ಬಂತು. ಈ ಭಾನುವಾರ ಎದ್ದು ನಿಂತು ಎಲ್ಲ ಹೇಳಿಬಿಡುತ್ತೇನೆ ಎಂದೆ.

"ಬ್ಯಾಡ" ಎಂದರು, ಕಡ್ಡಿ ಮುರಿದಂತೆ. "ನಿಮ್ಮಪ್ಪ ಈಗ ಎಲ್ಲೋ ಲೆಕ್ಕ ಬರ್ಯೋ ಕೆಲ್ಸ ಹುಡುಕ್ತೈತೆ. ತಲೆ ಎತ್ಕಂಡು ಹೋದ್ರೆ ತಾನೆ ಯಾರಾದ್ರೂ ಕೊಡ್ತಾರೆ? ನಂದೇನೈತೆ? ಅಂದೋರು ಅಂದು ಅಂದು ಸಾಕಾಗಿ ಸುಮ್ನಾಗ್ತಾರೆ."

ನಾನು ಸುಮ್ಮನಾದೆ. ಅವರು ಬೇಡವೆಂದರು ಎಂಬುದು ನೆಪ; ನನಗೂ ನಾಚಿಕೆಯಿತ್ತು. ಮರುವರ್ಷ ನನಗೆ ದಾವಣಗೆರೆಯ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ಅಪ್ಪನಿಗೂ ಒಂದು ಭತ್ತದ ಮಿಲ್ಲಿನಲ್ಲಿ ಗುಮಾಸ್ತಿಕೆ ಸಿಕ್ಕಿತು. ಉಪದೇಶಿಯಮ್ಮನ ಮೇಲಿನ ಮಾತು ಮಾತ್ರ ಅಳಿಯಲಿಲ್ಲ. ಗುಡಿಯಲ್ಲಿ ಅವರು ಕೂತ ಚಾಪೆಯ ಮೇಲೆ ಜಾಗ ಯಾವಾಗಲೂ ಖಾಲಿ ಇರುತ್ತಿತ್ತು. ಅಮ್ಮ ಹೋಗಿ ಪಕ್ಕದಲ್ಲಿ ಕೂರುತ್ತಿದ್ದಳು.

ಅದಾದ ಮೂರನೇ ವರ್ಷ ಅವರು ತೀರಿಕೊಂಡರು. ಎರಡು ದಿನ ಜ್ವರ, ಅಷ್ಟೇ. ಮಣ್ಣು ಮಾಡುವ ಮೊದಲು ಪಾದ್ರಿ ಅಯ್ಯನವರು, ಯಾರಾದರೂ ಎರಡು ಮಾತು ಹೇಳುವುದಿದೆಯೇ ಎಂದು ಕೇಳಿದರು. ದಿನಕ್ಕೆ ಆರು ಪೀರಿಯಡ್ ಮಾತಾಡುವ ಮೇಡಂ ನಾನು. ಕೂತೇ ಇದ್ದೆ. ಎದ್ದವರು ಅಪ್ಪ.

"ಆ ಅಕ್ಕಿ ಉಂಡೋರು ನಾವು" ಎಂದರು. "ಈಯಮ್ಮ ಒಂದ್ ಕಾಳೂ ಮುಟ್ಟಿಲ್ಲ. ನನ್ ಮಾನ ಉಳ್ಸಾಕೆ ಸುಳ್ಳು ಹೇಳಿದ್ರು. ನಾನು ಅಲ್ಲೇ ಜಗ್ಗು ಹಿಡ್ಕಂಡ್ ನಿಂತಿದ್ದೆ, ಬಾಯಿ ಬಿಡ್ಲಿಲ್ಲ." ಇಷ್ಟು ಹೇಳಿ ಕೂತು, ಮಕ್ಕಳಂತೆ ಅತ್ತರು.

ಮುಂದಿನ ಭಾನುವಾರ ಕಾರ್ಯದರ್ಶಿಗಳೇ ಮನೆಗೆ ಬಂದು ಡಬ್ಬಿಯ ಬೀಗದ ಕೈಯನ್ನು ಅಮ್ಮನ ಮುಂದಿಟ್ಟರು. ಕೂರಲೂ ಇಲ್ಲ, ನೀರೂ ಕೇಳಲಿಲ್ಲ. ಅಮ್ಮ ಇರುವವರೆಗೆ ಹರಿಹರದಲ್ಲಿ ಆ ಕೆಲಸ ನಡೆಸಿದಳು.

ಈಗ ದಾವಣಗೆರೆಯಲ್ಲಿ ನಾನೂ ಒಂದು ಚೀಲ ಇಟ್ಟುಕೊಂಡಿದ್ದೇನೆ. ಬುಧವಾರ ಶಾಲೆಯಿಂದ ಬಂದವಳು ಹಾಡಿನ ಪುಸ್ತಕ ಮೇಲಿಟ್ಟು ಹೊರಡುತ್ತೇನೆ. ಹಾಡುವುದು ನನಗೂ ಬರುವುದಿಲ್ಲ. ಹೋದಲ್ಲಿ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋಗುತ್ತೇನೆ. ಮೊನ್ನೆ ಚೀಲ ಎತ್ತಿಕೊಳ್ಳುವಾಗ ಮಗಳು ಕೇಳಿದಳು, "ಅದು ಯಾರ್ ಮನೇಗಮ್ಮ?"

"ನಮ್ಮನೇಗೇ" ಎಂದೆ.