ಇಲ್ಲ ಅನ್ನುವುದಕ್ಕೂ ಒಂದು ಅಳತೆ

ನಾನು ಓದಿದ್ದು ನಾಲ್ಕನೇ ಕ್ಲಾಸು. ಮೊಮ್ಮಗಳು ಓದುತ್ತಲೇ ಇದ್ದಳು. ಆಗ ಬಿಡದಿಯಿಂದ ಹಾರೋಹಳ್ಳಿವರೆಗೆ ಎಲ್ಲಿ ನೋಡಿದರೂ ಕಾರ್ಖಾನೆ ತಗಡು ಏಳುತ್ತಿತ್ತು. ಕೈಲಾಂಚದ ನಮ್ಮ ಮನೆ ಮುಂದೆಯೂ ಕಂಪನಿ ಬಸ್ಸು ನಿಲ್ಲಲು ಶುರುವಾಗಿತ್ತು. ಅಂಥ ಒಂದು ಔಷಧಿ ಕಾರ್ಖಾನೆಯಲ್ಲಿ ಅವಳಿಗೆ ಪರೀಕ್ಷೆ ಮಾಡುವ ಕೆಲಸ ಸಿಕ್ಕಿತು. ಕೂಡಲೇ ಸೇರಬೇಕು ಅಂದರು. ಸೇರಿದರೆ ಅವಳ ಪಿಎಚ್‌.ಡಿ. ಅರ್ಧಕ್ಕೆ ನಿಲ್ಲುತ್ತಿತ್ತು. ಏನು ಮಾಡಲಿ ಎಂದು ಊರಿಗೆ ಬಂದು ಕೂತಳು.

ಅವಳ ಪಿಎಚ್‌.ಡಿ. ಕೆಲಸವನ್ನು ನಾನು ಒಮ್ಮೆ ಬೆಂಗಳೂರಿಗೆ ಹೋಗಿ ನೋಡಿದ್ದೆ. ಬಾಗಿಲಲ್ಲೇ ತಡೆದು, "ಅಜ್ಜಿ, ಒಳಗೆ ದೊಡ್ಡ ಅಯಸ್ಕಾಂತ ಐತೆ, ಕಬ್ಬಿಣ ಏನೂ ಇರಬಾರ್ದು" ಅಂದಳು. ಸರಕ್ಕೆ ಸಿಕ್ಕಿಸಿದ್ದ ಪಿನ್ನು, ತಲೆಯ ಪಿನ್ನು, ಸೊಂಟದ ಬೀಗದ ಕೈ ಎಲ್ಲ ಬಿಚ್ಚಿಕೊಟ್ಟೆ. ಒಳಗೆ ಆ ಅಯಸ್ಕಾಂತದ ಯಂತ್ರ ಹಾಲಿನ ಕ್ಯಾನಿನಂಥದು, ಆದರೆ ಆಳೆತ್ತರ. ಅದರೊಳಕ್ಕೆ ಇಳಿಸುವ ಗಾಜಿನ ಕೊಳವೆ ತೋರಿಸಿದಳು. ಅದರ ಬಾಯನ್ನು ಕರಗಿಸಿ ಮುಚ್ಚಿದ್ದರು.

"ಇದ್ರಾಗೆ ಏನೂ ಇಲ್ವಲ್ಲೇ."

"ಜಲಜನಕದ ಗಾಳಿ ಐತೆ ಕಣಜ್ಜಿ. ಕಾಣಲ್ಲ ಅಷ್ಟೇ."

ಅವಳು ಬಿಡಿಸಿ ಹೇಳಿದ್ದು ಇಷ್ಟು. ಆ ಗಾಳಿಯ ಒಂದೊಂದು ಅಣುವಿನಲ್ಲೂ ಎರಡು ಬೀಜ, ಒಂದು ಹಗುರ, ಇನ್ನೊಂದು ಭಾರ. ಎರಡೂ ಬುಗುರಿ ಹಾಗೆ ತಿರುಗುತ್ತವೆ ಅಂದುಕೊಳ್ಳಬೇಕು. ಒಂದರ ತಿರುಗು ಇನ್ನೊಂದಕ್ಕೆ ತಾಕುತ್ತದೆ. ಎಷ್ಟು ತಾಕಬೇಕೆಂದು ತಿಳಿದವರು ಲೆಕ್ಕ ಕಟ್ಟಿದ್ದಾರೆ. ಯಂತ್ರ ಪರದೆಯ ಮೇಲೆ ಮೂರು ಮೊನೆ ಎಬ್ಬಿಸುತ್ತದೆ. ಮೊನೆಗಳ ನಡುವಿನ ದೂರವೇ ಆ ತಾಕಾಟದ ಅಳತೆ. ಅದು ಲೆಕ್ಕಕ್ಕಿಂತ ಬೇರೆ ಬಂದರೆ, ಇದುವರೆಗೆ ಯಾರಿಗೂ ಗೊತ್ತಿಲ್ಲದ ಒಂದು ಬಲ ಅಲ್ಲಿರಬಹುದು. ಅವಳು ಹುಡುಕುತ್ತಿದ್ದುದು ಅದನ್ನೇ.

ಅವಳು ಊರಿಗೆ ಬಂದು ಕೂತಾಗ ನನ್ನ ಮಗ, ಅವಳ ಅಪ್ಪ, ರೇಷ್ಮೆಹುಳಕ್ಕೆ ಸೊಪ್ಪು ಹಾಕುತ್ತಾ ಕೇಳಿದ.

"ಏನವ್ವ, ಸಿಕ್ತಾ ನಿನ್ನ ಬಲ?"

"ಇಲ್ಲ ಕಣಪ್ಪ. ಲೆಕ್ಕ, ಅಳತೆ ಎರಡೂ ಒಂದೇ ಬಂತು."

"ಇಷ್ಟು ವರ್ಸ ಕೂತಿದ್ದು ಇಲ್ಲ ಅಂತ ಬರೆಯಾಕಾ? ಇಲ್ಲೇ ಕೂತು ನಾನೇ ಹೇಳ್ತಿದ್ದೆ."

"ನಾಳೆ ಕಾರ್ಖಾನೆಗೆ ಹೋಗಿ ಸೇರ್ಕತೀನಿ ಬುಡಪ್ಪ. ಸಾಕಾಗೈತೆ." ಪೊರೆ ಬಿಡಲು ಜ್ವರಕ್ಕೆ ಕೂತ ಹುಳದಂತೆ ತಲೆ ಎತ್ತಿಕೊಂಡು, ಅಲ್ಲಾಡದೆ ನಿಂತಿದ್ದಳು.

ವಯಸ್ಸಿನಲ್ಲಿದ್ದಾಗ ನಾನು ಚನ್ನಪಟ್ಟಣದ ಕಡೆ ಬಿತ್ತನೆ ಕೋಠಿಯೊಂದರಲ್ಲಿ ಕೂಲಿ ಮಾಡುತ್ತಿದ್ದೆ. ರೇಷ್ಮೆಹುಳದ ಮೊಟ್ಟೆ ತಯಾರು ಮಾಡುವ ಜಾಗ ಅದು. ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಗಾಜಿನ ಮೇಲೆ ಒಂದು ಹನಿ ಇಟ್ಟುಕೊಡುವುದು ನನ್ನ ಪಾಲಿನದು. ಅದರಲ್ಲಿ ತಾಯಿಯಿಂದ ಮೊಟ್ಟೆಗೂ ಇಳಿಯುವ ಗಂಟುರೋಗ ಇದೆಯೇ ಎಂದು ಮೈಕ್ರೋಸ್ಕೋಪಿನಲ್ಲಿ ನೋಡುವವಳು ಇನ್ನೊಬ್ಬಳು. ದಿನವೆಲ್ಲ ಅವಳ ಬಾಯಲ್ಲಿ ಒಂದೇ ಮಾತು: ಇಲ್ಲ, ಇಲ್ಲ, ಇಲ್ಲ. ಹಾಗೆಂದ ಮೇಲೆಯೇ ಮೊಟ್ಟೆ ಹಾಳೆಗೆ ಮುದ್ರೆ. ಚಿಟ್ಟೆಯ ನಾತ ಮಾತ್ರ ನನ್ನ ಕೈಯಿಂದ ಸೋಪು ಹಾಕಿದರೂ ಹೋಗುತ್ತಿರಲಿಲ್ಲ.

ಮಗನನ್ನು ಕೇಳಿದೆ. "ಮೊಟ್ಟೆ ತರುವಾಗ ಮುದ್ರೆ ಯಾಕ್ಲಾ ನೋಡ್ತೀಯ?"

"ನೋಡಿ ರೋಗ ಇಲ್ಲ ಅಂದವ್ರಾ ಅಂತ."

"ನೋಡ್ದೇನೇ ಇಲ್ಲ ಅಂದಿದ್ರೆ?"

"ಹುಳ ಎಲ್ಲ ತಿಪ್ಪೆಗೆ."

"ಮತ್ತೆ ನೀನು ಇಲ್ಲೇ ಕೂತು ಹೇಳ್ತಿದ್ದೆ ಅಂದ್ಯಲ್ಲ, ಅದ್ಯಾವ ಮುದ್ರೆ? ಸುಮ್ನೆ ಸೊಪ್ಪು ಹಾಕು."

ಮೊಮ್ಮಗಳು ಒಸಿ ನಕ್ಕಳು. "ಪೂರ್ತಿ ಇಲ್ಲ ಅಂತನೂ ಬರೆಯಾಕಾಗಲ್ಲ ಅಜ್ಜಿ. ಇದ್ರೂ ಇಷ್ಟಕ್ಕಿಂತ ಚಿಕ್ಕದು ಅಂತ ಬರೀಬೇಕು."

"ಅದನ್ನೇ ಬರೆದು ಮುಗ್ಸು."

ನಾನು ಬುದ್ಧಿ ಹೇಳಿ ತಿದ್ದಿದೆ ಎಂದೇನೂ ಅಲ್ಲ. ನನಗೆ ಸೊಂಟ ನೋಯುತ್ತಿತ್ತು, ಅಪ್ಪ ಮಗಳ ಮಾತು ನಿಂತರೆ ಸಾಕಾಗಿತ್ತು. ಅವಳು ಹುಳದ ಮನೆಯ ಪಕ್ಕದ ಕೋಣೆಯಲ್ಲಿ ಬರೆಯುತ್ತಾ ಕೂತಳು. ಕಾರ್ಖಾನೆಯವರು ಕಾಯಲಿಲ್ಲ. ಆ ಕೆಲಸಕ್ಕೆ ಹೊಂಗನೂರಿನ ಯಾರೋ ಸೇರಿಕೊಂಡರಂತೆ. ಮಗ ಅದಕ್ಕೆ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಗೂಡು ರಾಮನಗರದ ಮಾರುಕಟ್ಟೆಗೆ ಹೊರಟ ಟೆಂಪೊದಲ್ಲೇ ಅವಳೂ ಬರೆದಿದ್ದನ್ನು ಕಟ್ಟಿಕೊಂಡು ಹೊರಟಳು.

"ಇನ್ನೂ ಚಿಕ್ಕದನ್ನ ಅಳೀಬೌದು ಅಜ್ಜಿ, ಯಂತ್ರ ಇದ್ಕಿಂತ ಚೆನ್ನಾಗಿರೋದು ಸಿಕ್ಕಿದ್ರೆ."

"ಮೊದ್ಲು ಇದನ್ನ ಕೊಟ್ಟು ಬಾ" ಅಂದೆ.

ಟೆಂಪೊ ಹಿಂದೆ ಕಂಪನಿ ಬಸ್ಸು ಹಾರನ್ ಹೊಡೆಯುತ್ತಿತ್ತು. ನಾನು ಹುಳದ ತಟ್ಟೆ ತೊಳೆಯಲು ಒಳಗೆ ಹೋದೆ.